ಹಾಡದೆ ಉಳಿದ ಜವಾಬು

ಮೈಕಿನ ಬಾಯಿಗೆ ತೊಡಿಸುವ ಸ್ಪಂಜಿನ ಟೊಪ್ಪಿಗೆಯೊಂದು ಹಳೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಒಂದು ಕಾಲಕ್ಕೆ ಕೆಂಪಗಿತ್ತು, ಈಗ ಅದರ ಬಣ್ಣ ಯಾವುದೆಂದು ಹೇಳಲು ಬಾರದು. ಎಸೆಯಲೆಂದು ಎತ್ತಿಕೊಂಡವನು ಯಾಕೋ ಮೂಗಿನ ಹತ್ತಿರ ಹಿಡಿದೆ. ಲವಂಗದ ವಾಸನೆ! ಎಷ್ಟು ವರ್ಷವಾಯಿತೋ... ಸ್ಪಂಜು ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು, ವಾಸನೆ ಮಾತ್ರ ಹೋಗಿರಲಿಲ್ಲ. ಗೋದಾಮಿನ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಚಹಾ ಆರುತ್ತದೆ ಎಂದು ಹೊರಗಿನಿಂದ ಹೆಂಡತಿ ಕೂಗಿದಳು. ಆರಲಿ ಬಿಡು ಅಂದೆ.

ಆ ಮೈಕಿನ ಮುಂದೆ ಕೂತು ಹಾಡುತ್ತಿದ್ದವಳನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ನಮ್ಮದು ಇಳಕಲ್ಲಿನಲ್ಲಿ ಮೈಕ್ ಸೆಟ್ಟಿನ ಅಂಗಡಿ. ಅಬ್ಬಾ ಶುರು ಮಾಡಿದ್ದು, ಆಮೇಲೆ ನನ್ನ ಕೊರಳಿಗೆ ಬಿತ್ತು. ಮದುವೆ, ಮೊಹರಂ, ಗಣಪತಿ, ಸತ್ತವರ ಮನೆಯ ಭಜನೆ, ಎಲ್ಲಕ್ಕೂ ನಮ್ಮದೇ ಮೈಕು. ಮೈಕಿನವನಿಗೆ ಪಕ್ಷ ಇರಬಾರದು, ವೈರು ಸರಿ ಇದ್ದರೆ ಸಾಕು ಎನ್ನುತ್ತಿದ್ದರು ಅಬ್ಬಾ. ಈ ಕಸುಬಿನಿಂದಾಗಿ ನಾನು ಕೇಳಿದಷ್ಟು ಭಾಷಣವನ್ನು ಈ ಜಿಲ್ಲೆಯಲ್ಲಿ ಇನ್ನೊಬ್ಬ ಕೇಳಿರಲಿಕ್ಕಿಲ್ಲ. ಒಬ್ಬರು ಬಂದ ಕೂಡಲೇ ಊರ ದೇವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಒಬ್ಬರು ತಮ್ಮ ತಾಯಿಯನ್ನು ನೆನೆದು ಅಳುತ್ತಾರೆ, ಕರವಸ್ತ್ರ ಮೊದಲೇ ಕೈಯಲ್ಲಿರುತ್ತದೆ. ಇನ್ನು ಕೆಲವರು ‘ಹೌದೋ ಅಲ್ಲವೋ’ ಎಂದು ಮತ್ತೆ ಮತ್ತೆ ಕೇಳಿ ಕೂತವರ ಬಾಯಿಂದ ಹೌದು ಹಾಕಿಸಿಕೊಂಡೇ ಇಳಿಯುತ್ತಾರೆ. ಏನು ಕೇಳಿದರು, ಯಾವುದಕ್ಕೆ ಹೌದೆಂದೆವು ಎಂಬುದು ಮನೆಗೆ ಹೋಗುವಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ. ಕೇಳಿ ಕೇಳಿ ನನ್ನ ಕಿವಿ ಕಲ್ಲಾಗಿತ್ತು. ಅಕ್ಕ ಬಾಯಿ ತೆರೆದಾಗ ಮಾತ್ರ ವೈರು ಸುತ್ತುವುದನ್ನು ಬಿಟ್ಟು ಕೇಳುತ್ತಿದ್ದೆ.

ಅಕ್ಕ ಹಗಲೆಲ್ಲ ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ಊರು ಹುನಗುಂದದ ಈಚೆ, ಹೆಸರು ಬೇಡ. ಕರೆ ಬಂದಾಗ ನಾಗೇಶಿ ಹಾಡಲು ಹೋಗುತ್ತಿದ್ದಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಎರಡು ಮೇಳಗಳು ಎದುರುಬದುರು ಕೂತು ಹಾಡಿನಲ್ಲೇ ಜಗಳಾಡುತ್ತವೆ. ಹರದೇಶಿಯವರು ಗಂಡು ಹೆಚ್ಚು ಎನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಕೈಯಲ್ಲೊಂದು ಚರ್ಮದ ದಪ್ಪು, ಪಕ್ಕದಲ್ಲೊಂದು ಒಂಟಿ ತಂತಿಯ ತುಂತುಣಿ, ಹಿಂದೆ ಸೊಲ್ಲು ಹಿಡಿದು ದನಿಗೂಡಿಸಲು ಇಬ್ಬರು ಹೆಂಗಸರು. ನಾಗೇಶಿಯವರ ದಪ್ಪಿಗೆ ಕಲ್ಗಿ ಎಂದು ಬಣ್ಣದ ದಾರದ ಗೊಂಡೆ ಕಟ್ಟಿರುತ್ತಾರೆ. ಸವಾಲಿಗೆ ಜವಾಬು ಮುಗಿಸದೆ ಎದ್ದವಳು ಆ ಕಲ್ಗಿಯನ್ನು ಬಿಚ್ಚಿ ಎದುರಾಳಿಯ ಕೈಗೆ ಕೊಡಬೇಕು. ಕಲ್ಗಿ ಇಲ್ಲದ ದಪ್ಪನ್ನು ಕಣದಲ್ಲಿ ಬಾರಿಸುವಂತಿಲ್ಲ. ಅಕ್ಕನ ಕಲ್ಗಿ ಯಾವತ್ತೂ ಬಿಚ್ಚಿರಲಿಲ್ಲ.

ಅವಳದೊಂದು ಪದ್ಧತಿ ಇತ್ತು. ಎದುರಾಳಿಯ ಮಾತನ್ನು ಮೊದಲು ತಾನೇ ಎತ್ತಿ ಹಾಡುತ್ತಿದ್ದಳು. ಬರೀ ಹಾಡುವುದಲ್ಲ, ಎದುರಾಳಿಗೇ ಹೊಟ್ಟೆಕಿಚ್ಚಾಗುವಷ್ಟು ಚಂದ ಹಾಡುತ್ತಿದ್ದಳು. ಯಾಕಕ್ಕ ಅವರ ಕತ್ತಿಗೆ ನೀನೇ ಸಾಣೆ ಹಿಡಿಯುತ್ತೀ ಎಂದರೆ, “ಎದುರಿನವನ ಮಾತನ್ನ ಅವನಕಿಂತ ಚಂದ ಹೇಳಬೇಕು ತಮ್ಮಾ. ಇಲ್ಲಂದ್ರ ನೀ ಬಡಿದಿದ್ದು ಹುಲಿಗಲ್ಲ, ಮೊಹರಂದಾಗಿನ ಹುಲಿ ವೇಷಕ್ಕ” ಎನ್ನುತ್ತಿದ್ದಳು. ಸವಾಲು ಮುಗಿದ ಮೇಲೆ ದಪ್ಪನ್ನು ತೊಡೆಯ ಮೇಲೆ ಬೋರಲು ಹಾಕಿ, ಬಾಯಿಗೊಂದು ಲವಂಗ ಇಟ್ಟುಕೊಂಡು, ತಂಬಿಗೆ ಎತ್ತಿ ನಿಧಾನಕ್ಕೆ ನೀರು ಕುಡಿಯುತ್ತಿದ್ದಳು. ತುಂತುಣಿ ಮಾತ್ರ ಸಣ್ಣಗೆ ಮಿಡಿಯುತ್ತಿತ್ತು. ಆ ಬಿಡುವು ಕೇಳುವವರದು. ಕೂತ ಮಂದಿ ತಮ್ಮ ತಮ್ಮಲ್ಲೇ ವಾದಕ್ಕೆ ಬೀಳುತ್ತಿದ್ದರು. ಇದಕ್ಕೆ ಜವಾಬೇ ಇಲ್ಲ ಎನ್ನುವವನೊಬ್ಬ, ಐತಿ ತಡಿಯಲೇ ಎನ್ನುವವನೊಬ್ಬ. ವಾದ ಕಾದು ಕೆಂಪಾದ ಮೇಲೆ ಅಕ್ಕ ದಪ್ಪು ಎತ್ತುತ್ತಿದ್ದಳು. ಜವಾಬಿನ ಕೊನೆಯ ನುಡಿಯನ್ನಂತೂ ಕಣದಲ್ಲಿ ಹಾಡುವ ಮೊದಲು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಸೊಲ್ಲು ಹಿಡಿಯುವ ಹೆಂಗಸರಿಗೂ ಹೇಳುತ್ತಿರಲಿಲ್ಲ. ಮೊದಲೇ ಆಡಿಬಿಟ್ಟ ಕೊನೆಯ ನುಡಿ ಎಂಜಲು ಅನ್ನುವುದು ಅವಳ ಗುರುವಿನ ಕಾಲದಿಂದ ಬಂದ ಮಾತು.

ಒಮ್ಮೆ ಕೇಳಿದ್ದೆ, ಅಲ್ಲಕ್ಕ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ನಿನಗೆ ಖರೆ ಅನ್ನಿಸೋದು ಯಾವುದು ಅಂತ. ನಕ್ಕಳು. “ನಾ ತಕ್ಕಡಿಯ ಎರಡೂ ಪರಡಿ ತುಂಬಿ ಕೊಡ್ತೇನಿ. ಎತ್ತಿ ನೋಡೂದು ಕುಂತವರ ಕೆಲಸ. ಅದನ್ನೂ ನಾನ ಮಾಡಿದ್ರ ಅವರ್ಯಾಕ ಬರಬೇಕು?” ಎಂದಳು.

ರಾಜಕೀಯದವರು ಅವಳನ್ನು ಯಾವಾಗ ಹಿಡಿದರೋ ನೆನಪಿಲ್ಲ. ಭಾಷಣಕ್ಕೆ ಜನ ಕೂಡುತ್ತಿರಲಿಲ್ಲ, ಅಕ್ಕನ ದಪ್ಪಿಗೆ ಕೂಡುತ್ತಿದ್ದರು, ಅಷ್ಟೇ ಲೆಕ್ಕ. ನಾಯಕರು ಬರುವ ತನಕ ಮಂದಿಯನ್ನು ಹಿಡಿದಿಟ್ಟುಕೊಳ್ಳಬೇಕು, ಸಾಧ್ಯವಾದರೆ ಅವರ ಮನಸ್ಸನ್ನೂ ಒಂದಿಷ್ಟು ಹದ ಮಾಡಿಡಬೇಕು. ಅಕ್ಕ ಯಾರು ಕರೆದರೂ ಹೋಗುತ್ತಿದ್ದಳು. ಆದರೆ ಮಾತುಕತೆಗೆ ಬಂದವರನ್ನು ಮೊದಲು ಕೇಳುತ್ತಿದ್ದದ್ದು ಒಂದೇ: “ನಿಮ್ಮ ಎದುರಿನವ ಏನಂತಾನ, ಅದನ್ನ ಹೇಳ್ರಿ ಮೊದಲ.” ಅವರು ತಮ್ಮ ಸಾಹೇಬರ ಗುಣಗಾನ ತೆಗೆದರೆ ಕೈ ಎತ್ತಿ ನಿಲ್ಲಿಸುತ್ತಿದ್ದಳು. ಅದು ಆಮ್ಯಾಲ ಎನ್ನುತ್ತಿದ್ದಳು.

ಹೀಗೆ ಕೆಲವು ಚುನಾವಣೆಗಳು ಚೆನ್ನಾಗಿಯೇ ನಡೆದವು. ಹಳ್ಳಿಗಳಲ್ಲಿ ಆಗ ಕೂತು ಕೇಳುವ ಮಂದಿ ಇದ್ದರು. ಸವಾಲಿಗೆ ಸಿಳ್ಳೆ ಹಾಕಿದವರೇ ಜವಾಬಿಗೂ ಹಾಕುತ್ತಿದ್ದರು, ವೋಟು ಯಾರಿಗೆ ಹಾಕುತ್ತಿದ್ದರೋ ಅದು ಅವರ ದೇವರಿಗೇ ಗೊತ್ತು.

ಕೆಟ್ಟ ದಿನ ಬಂದದ್ದು ಆಮೇಲಿನ ಚುನಾವಣೆಯಲ್ಲಿ. ಆಗ ಗೆದ್ದು ಕೂತಿದ್ದ ಸಾಹೇಬರು ಅಕ್ಕನನ್ನು ಕರೆಸಿದ್ದರು. ಅವರ ಕಾಲದಲ್ಲಿ ಹೊಲಗಳ ನಡುವೆ ಕಾಲುವೆ ತೋಡಿದ್ದರು, ಕಲ್ಲು ಹಾಸಿದ್ದರು, ನೀರು ಮಾತ್ರ ಇನ್ನೂ ಬಂದಿರಲಿಲ್ಲ. ಎದುರು ಪಕ್ಷದವರ ಮಾತೆಲ್ಲ ಅದರ ಮೇಲೆಯೇ. ಪ್ರಚಾರ ನೋಡಿಕೊಳ್ಳಲು ಬೆಂಗಳೂರಿನಿಂದ ಒಬ್ಬ ಯುವಕ ಬಂದು ಕೂತಿದ್ದ. ಬಿಳಿ ಬೂಟು, ಕಿವಿಯಲ್ಲಿ ಯಾವಾಗಲೂ ಒಂದು ಯಂತ್ರ. ಹಾಡಿನಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ, ಎಷ್ಟು ಹೊತ್ತು ಎಂದಷ್ಟೇ ಕೇಳಿದ.

ಸಂಜೆ ಬಯಲು ತುಂಬಿತ್ತು. ಸಾಹೇಬರು ಇನ್ನೂ ದಾರಿಯಲ್ಲಿದ್ದರು. ಅಕ್ಕ ಎಂದಿನಂತೆ ಹಿಂದೆ ನಿಂತ ಹೆಂಗಸರನ್ನು ಮುಂದಕ್ಕೆ ಕರೆದು ಕೂರಿಸಿದಳು, ದಪ್ಪಿಗೊಮ್ಮೆ ಕೈ ಮುಗಿದಳು, ಶುರು ಹಚ್ಚಿಕೊಂಡಳು. ಮೊದಲು ಸವಾಲು.

ಕಾಲಿವಿ ತೋಡ್ಯಾರ ಸಾಹೇಬ್ರ ಕಲ್ಲ ಹಾಸ್ಯಾರ, ನೀರ ಎಲ್ಲೈತಿ?
ಕಾಲಿವಿಯೊಳಗ ಕತ್ತೆ ಮೇದಾವ ಮಕ್ಕಳು ಗೋಲಿ ಆಡ್ಯಾವ, ನೀರ ಎಲ್ಲೈತಿ?
ಬಾಯಾರಿದ ಗುಬ್ಬಿ ಕೇಳತೈತಿ ನಿಮ್ಮ ಫೋಟೊದ ಮ್ಯಾಲ ಕುಂತು, ನೀರ ಎಲ್ಲೈತಿ?

ಯಾ ಅಲ್ಲಾ, ಆ ಸದ್ದು! ಬಯಲಿಗೆ ಬಯಲೇ ಎದ್ದು ಕುಣಿಯಿತು. ಮೂರನೆಯ ಸಾಲಿಗೆ ಹೆಂಗಸರು ತಾವೇ ‘ನೀರ ಎಲ್ಲೈತಿ’ ಎಂದು ಸೊಲ್ಲು ಹಿಡಿದರು. ವೇದಿಕೆಯ ಮೇಲೆ ಸಾಹೇಬರ ದೊಡ್ಡ ಫೋಟೊ ಇತ್ತು, ಎಲ್ಲರೂ ಅದರ ನೆತ್ತಿಯ ಮೇಲೆ ಗುಬ್ಬಿ ಹುಡುಕುವವರೇ. ಅಕ್ಕ ದಪ್ಪನ್ನು ಬೋರಲು ಹಾಕಿ, ಲವಂಗ ಬಾಯಿಗಿಟ್ಟು, ತಂಬಿಗೆ ಎತ್ತಿದಳು.

ಆ ಯುವಕ ನನ್ನ ಹತ್ತಿರ ಓಡಿಬಂದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. “ಆಫ್ ಮಾಡ್ರೀ! ನಮ್ಮ ಸ್ಟೇಜ್ ಮೇಲೆ ನಿಂತು ನಮ್ಮನ್ನೇ ಬೈತಾ ಇದಾಳೆ!”

“ಇನ್ನೂ ಜವಾಬು ಐತ್ರಿ ಸರ. ಈಗ ಕೊಡ್ತಾಳ. ಒಂದ ಗುಟುಕು ನೀರು ಕುಡಿಲ್ರಿ,” ಎಂದೆ.

ಅವನು ನಿಲ್ಲಲಿಲ್ಲ. ನಾನು ಅಡ್ಡ ಬಂದರೂ ಬಗ್ಗಿ ಪ್ಲಗ್ಗನ್ನೇ ಕಿತ್ತ. ಅಕ್ಕ ದಪ್ಪು ಎತ್ತಿ ಬಾಯಿ ತೆರೆದಾಗ ಮೈಕು ಸತ್ತಿತ್ತು. ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಂದಿಯ ಗದ್ದಲದಲ್ಲಿ ಒಂದಕ್ಷರ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಸಾಹೇಬರ ಗಾಡಿ ಬಂತು, ಪಟಾಕಿ ಹಾರಿದವು, ಕಾರ್ಯಕರ್ತರು ಅಕ್ಕನನ್ನು ಮೆಟ್ಟಿಲಿನಿಂದ ಕೆಳಗಿಳಿಸಿದರು. ಅವಳಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ವೈರು ಸುಟ್ಟಿತೇನೋ ತಮ್ಮಾ ಎಂದು ನನ್ನನ್ನೇ ಕೇಳಿದಳು.

ಅಲ್ಲಾ, ನಾನು ಕೇಳುತ್ತೇನೆ, ನಮ್ಮ ನೆಲದಲ್ಲಿ ಹುಟ್ಟಿ ಬೆಳೆದ ಕಾರ್ಯಕರ್ತರು ಅಷ್ಟು ಮಂದಿ ಅಲ್ಲಿದ್ದರಲ್ಲ, ಜವಾಬು ಬರುತ್ತದೆ ಎಂದು ಒಬ್ಬನಿಗಾದರೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿ ತೆಗೆಯಲಿಲ್ಲ. ಆ ಬೂಟಿನವನ ಮುಂದೆ ಹಳ್ಳಿ ಗಮಾರರು ಎನ್ನಿಸಿಕೊಳ್ಳಬಾರದಲ್ಲ!

ಮರುದಿನ ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಅಕ್ಕನ ಸವಾಲು ಎಲ್ಲರ ಮೊಬೈಲಿನಲ್ಲಿತ್ತು. ಬರೀ ಸವಾಲು. ಆಮೇಲೆ ಎದುರು ಪಕ್ಷದವರು ಅದನ್ನು ಆಟೋಗಳಿಗೆ ಕಟ್ಟಿ ಬಿಟ್ಟರು. ಹುನಗುಂದದ ಬಸ್ ನಿಲ್ದಾಣದ ಮುಂದೆ, ಅಮೀನಗಡದ ಕರದಂಟಿನ ಅಂಗಡಿಗಳ ಮುಂದೆ, ಎಲ್ಲೆಲ್ಲೂ ಅವಳದೇ ದನಿ, ನೀರ ಎಲ್ಲೈತಿ, ನೀರ ಎಲ್ಲೈತಿ. ಸಾಹೇಬರ ಕಡೆಯವರು ಅವಳನ್ನು ಉಂಡ ಮನೆಗೆ ಎರಡು ಬಗೆದವಳು ಎಂದರು. ಎದುರಿನವರು ಶಾಲು ಹಾರ ಹಿಡಿದು ಅವಳ ಮನೆಗೇ ಬಂದರು. ಅಕ್ಕ ಹೊಸ್ತಿಲಲ್ಲೇ ನಿಂತು ಅವರಿಗೆ ಹೇಳಿದಳಂತೆ, ಹಾಡು ಇನ್ನೂ ಮುಗಿದಿಲ್ಲ, ಜವಾಬು ಕೇಳಿದ ಮೇಲೂ ಶಾಲು ಹೊದಿಸುವ ಮನಸ್ಸಿದ್ದರೆ ಆಗ ಬರ್ರಿ ಎಂದು. ಅವರು ಶಾಲು ಮಡಚಿಕೊಂಡು ಹೋದರು.

ಅಕ್ಕನಿಗೆ ಬೇಕಾದದ್ದು ಒಂದೇ ಆಗಿತ್ತು, ಜವಾಬು ಹಾಡಬೇಕು. ಸಾಹೇಬರು ಗೆಲ್ಲುವ ಸೋಲುವ ಚಿಂತೆ ಅವಳಿಗಿರಲಿಲ್ಲ. ಸವಾಲು ಬಯಲಿಗೆ ಬಿದ್ದಿದೆ, ಜವಾಬು ತನ್ನ ಹೊಟ್ಟೆಯಲ್ಲಿದೆ, ಅದನ್ನು ಮುಗಿಸದಿದ್ದರೆ ತಾನು ಸೋತಂತೆ. ಸಾಹೇಬರ ಮನೆಗೇ ಹೋದಳು, ಜೊತೆಗೆ ನಾನೂ ಇದ್ದೆ. ಅವರೂ ಈ ನೆಲದವರೇ, ಹರದೇಶಿ ನಾಗೇಶಿ ಕೇಳಿ ಬೆಳೆದವರೇ. ಚಹಾ ಕುಡಿಸಿದರು. “ನನಗ ತಿಳೀತೈತಿ ತಂಗಿ. ಆದ್ರ ಈಗಿನ ಮಂದಿಗೆ ತಿಳಿಯೂದಿಲ್ಲ. ಮತ್ತ ನೀ ವೇದಿಕೆ ಹತ್ತಿದ್ರ ಆ ಗುಬ್ಬಿ ಮತ್ತ ಹಾರಿ ಬರತೈತಿ,” ಎಂದರು. ಹಾಗೆಂದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಅಕ್ಕ ಕಪ್ಪನ್ನು ನೆಲದ ಮೇಲಿಟ್ಟು ಎದ್ದಳು.

ಸಾಹೇಬರು ಸೋತರು. ಸೋಲಿಗೆ ನೂರು ಕಾರಣ ಇರುತ್ತವೆ, ಆದರೆ ಬೈಯಲು ಒಂದು ಮುಖ ಬೇಕಲ್ಲ, ಅಕ್ಕನ ಮುಖ ಸಿಕ್ಕಿತು. ಸೊಲ್ಲು ಹಿಡಿಯುತ್ತಿದ್ದ ಹೆಂಗಸರು ಮನೆಯಲ್ಲಿ ಬೈತಾರ ಅಕ್ಕಾ ಎಂದು ದೂರವಾದರು. ಕಂಡಿಕೆ ಕೊಡುತ್ತಿದ್ದ ಒಬ್ಬ ಮಗ್ಗದವನೂ ನಿಲ್ಲಿಸಿದ. ಎರಡು ನಾಲಿಗೆಯವಳು ಎಂದು ಊರು ಆಡಿಕೊಂಡಿತು. ಹೌದು, ಎರಡು ನಾಲಿಗೆ ಅವಳ ಕಸುಬು. ಎರಡೂ ಕಡೆಯ ಮಾತನ್ನು ಒಂದೇ ಬಾಯಲ್ಲಿ ಹೇಳಬಲ್ಲವಳು ಎಂದು ಹಿಂದೆ ಇದೇ ಊರು ಅವಳನ್ನು ಹೊಗಳುತ್ತಿತ್ತು. ಅದೇ ಮಾತು ಬೈಗುಳವಾಗಿ ತಿರುಗಿತು.

ಒಂದು ದಿನ ಬಾದಾಮಿ ಕಡೆಯಿಂದ ಹರದೇಶಿ ಮಾಸ್ತರರು ಬಂದರು. ಅಕ್ಕನ ಹಳೆಯ ಎದುರಾಳಿ, ಕಣದಲ್ಲಿ ಹಾವು ಮುಂಗುಸಿಯಂತೆ ಕಾದಾಡಿದವರು. ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಬಂದಿದ್ದರು. ಅಕ್ಕನ ಕಟ್ಟೆಯ ಮೇಲೆ ಕೂತು, “ಸವಾಲು ನಾ ಹಾಡ್ತೇನಿ. ಜವಾಬು ನೀ ಕೊಡು. ಆಟ ಅಂದ್ರ ಇಬ್ಬರದು. ಇಬ್ಬರು ಕುಂತ್ರ ಮಂದಿಗೆ ತಿಳೀತೈತಿ,” ಎಂದರು. ಅಕ್ಕನ ಕಣ್ಣು ತುಂಬಿದ್ದನ್ನು ನಾನು ಅವತ್ತೇ ನೋಡಿದ್ದು. ಕರದಂಟು ಮುರಿದು ಎಲ್ಲರಿಗೂ ಹಂಚಿದಳು. ಕೊನೆಯ ನುಡಿ ಕೂತಿದೆಯೋ ಇಲ್ಲವೋ ಎಂದು ಮಾಸ್ತರರು ಕೆಣಕಿದರು. ಕೂತಿದೆ, ಕೇಳಿದ ಮೇಲೆ ನೀವು ಬಾದಾಮಿಗೆ ನಡೆದುಕೊಂಡು ಹೋಗುತ್ತೀರಿ ಎಂದು ಅಕ್ಕ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು.

ದೀಪ ಹಚ್ಚುವ ಹೊತ್ತಿಗೆ ಅವಳ ಊರ ಗುಡಿಯ ಮುಂದೆ ಮೈಕು ಕಟ್ಟಿಕೊಟ್ಟೆ. ಸೊಲ್ಲು ಹಿಡಿಯಲು ಯಾರೂ ಇರಲಿಲ್ಲ, ತುಂತುಣಿಯನ್ನು ಮಾಸ್ತರರ ಕಡೆಯವನೇ ಹಿಡಿದ. ಮಂದಿ ಕೂಡಿದರು, ಆದರೆ ಕೂತವರು ಕಡಿಮೆ, ನಿಂತವರೇ ಹೆಚ್ಚು, ಎಲ್ಲರ ಕೈಯಲ್ಲೂ ಮೊಬೈಲು. ಮಾಸ್ತರರು ಸವಾಲು ಎತ್ತಿದ ಕೂಡಲೇ ಸೋತ ಪಕ್ಷದವರ ಗುಂಪು ಕಿರುಚಿತು, ಈ ಮುದುಕನಿಗೆ ಯಾರು ದುಡ್ಡು ಕೊಟ್ಟು ಕರೆಸಿದರು ಎಂದು. ಮಾಸ್ತರರು ಹಾಗೋ ಹೀಗೋ ಮುಗಿಸಿದರು. ಬಿಡುವಿನಲ್ಲಿ ಯಾರೂ ವಾದ ಮಾಡಲಿಲ್ಲ. ಗೆದ್ದವರು ಒಂದು ಕಡೆ, ಸೋತವರು ಒಂದು ಕಡೆ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾ ನಿಂತಿದ್ದರು.

ಅಕ್ಕ ಜವಾಬು ಶುರು ಮಾಡಿದಳು.

ಕೇಳೋ ಗುಬ್ಬಿ, ಕೇಳಿದ್ದು ನೀ ಛಲೋ ಕೇಳೀದಿ, ನಿಮ್ಮಜ್ಜ ಯಾಕ ಕೇಳಲಿಲ್ಲ?
ಕಾಲಿವಿ ಇರದ ನಾಡಿನೊಳಗ ನೀರ ಎಲ್ಲೈತಿ ಅಂತ ಒಬ್ಬ ಯಾಕ ಕೇಳಲಿಲ್ಲ?

ಕಾಲುವೆ ತೋಡಿದ್ದಕ್ಕೇ ನೀರು ಕೇಳುವ ಬಾಯಿ ಬಂತು ಎನ್ನುವುದು ಅವಳ ದಾರಿ. ಅಲ್ಲಿಂದ ಎಲ್ಲಿಗೆ ಒಯ್ಯುತ್ತಾಳೆ, ಸಾಹೇಬರನ್ನು ಉಳಿಸುತ್ತಾಳೋ ಅಥವಾ ತಿರುವಿ ಆ ಸವಾಲನ್ನು ಅವರ ಕೊರಳಿಗೇ ಸುತ್ತುತ್ತಾಳೋ, ಊಹಿಸಲೂ ಆಗಲಿಲ್ಲ. ಮಾಸ್ತರರು ಆಹಾ ಎಂದು ತೊಡೆ ತಟ್ಟಿದರು. ಅಷ್ಟೇ. ಗೆದ್ದ ಪಕ್ಷದವರ ಕಡೆಯಿಂದ ಕೂಗು ಎದ್ದಿತು: “ಸೋತವರ ಎಂಜಲಾ ತಿಂದಾಕಿ, ಏಳಲೇ ಮ್ಯಾಲ!” ಇತ್ತ ಸೋತ ಕಡೆಯವರು, ಈಗ ಬಂದಳು ನೋಡು ಬಣ್ಣ ಬದಲಿಸಿಕೊಂಡು ಎಂದರು. ತಮ್ಮ ಪರವಾಗಿಯೇ ಹಾಡುತ್ತಿದ್ದಳು, ಅವರಿಗೂ ಅದು ಬೇಕಿರಲಿಲ್ಲ! ತಳ್ಳಾಟ ಶುರುವಾಯಿತು. ನಾನು ಮೈಕಿನ ದನಿ ಏರಿಸಿದೆ, ಏರಿಸಿದಷ್ಟೂ ಕೂಗು ಏರಿತು. ಅಕ್ಕ ಎರಡನೆಯ ನುಡಿಗೆ ಬಾಯಿ ತೆರೆದವಳು ಸುತ್ತ ನೋಡಿದಳು. ಒಂದೊಂದೇ ಮುಖವನ್ನು ನೋಡಿದಳು. ಆಮೇಲೆ ದಪ್ಪನ್ನು ಬೋರಲು ಹಾಕಿದಳು.

ನಿಧಾನಕ್ಕೆ ಕಲ್ಗಿಯ ಗಂಟು ಬಿಚ್ಚಿದಳು. ಮಾಸ್ತರರ ಮುಂದೆ ಹಿಡಿದಳು. ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. “ನೀ ಸೋತಿಲ್ಲವ್ವಾ, ನಾ ಮುಟ್ಟೂದಿಲ್ಲ ಅದನ್ನ.”

“ತಗೋರಿ. ನಿಮಗ ಸೋತಿಲ್ಲ ನಾ. ಆದ್ರ ಜವಾಬು ಮುಗಿಸದ ಎದ್ದೇನಿ, ಕಾಯ್ದೆ ಅಂದ್ರ ಕಾಯ್ದೆ.”

ಅವರ ಮಡಿಲಲ್ಲಿ ಇಟ್ಟು ಎದ್ದು ಮನೆಗೆ ನಡೆದಳು. ಮಾಸ್ತರರು ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು. ಅದನ್ನೂ ಯಾರೋ ಮೊಬೈಲಿನಲ್ಲಿ ಹಿಡಿಯುತ್ತಿದ್ದರು.

ಆಮೇಲೆ ಅಕ್ಕ ದಪ್ಪು ಮುಟ್ಟಲಿಲ್ಲ. ನಾನು ಆಗಾಗ ಹೋಗುತ್ತಿದ್ದೆ. ಕಂಡಿಕೆ ಸುತ್ತುತ್ತಾ ಮಗ್ಗದ ಮಾತು, ಮಳೆಯ ಮಾತು ಆಡುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ, ನನಗಾದರೂ ಆ ಜವಾಬು ಪೂರಾ ಹೇಳಕ್ಕ, ನಾನೊಬ್ಬನೇ ಕೇಳುತ್ತೇನೆ ಎಂದೆ. “ಒಬ್ಬನಿಗೆ ಹೇಳಿದ್ರ ಅದು ಚಾಡಿ ಆಗತೈತಿ ತಮ್ಮಾ,” ಎಂದಳು. ಮತ್ತೆ ಕೇಳಲಿಲ್ಲ. ಹೋದ ವರ್ಷ ಜ್ವರದ ನೆಪದಲ್ಲಿ ತೀರಿಕೊಂಡಳು. ಮಣ್ಣು ಮಾಡಲು ಬಂದವರು ಹೆಚ್ಚೇನಿರಲಿಲ್ಲ. ಅಲ್ಲಿಗೂ ಮೈಕು ಕಟ್ಟಬೇಕೆಂದುಕೊಂಡಿದ್ದೆ, ಯಾರೂ ಭಜನೆಗೆ ಕೂಡಲಿಲ್ಲ.

ಇದೆಲ್ಲ ಇವತ್ತು ಗೋದಾಮಿನಲ್ಲಿ ಕೂತಾಗ ಒಂದರ ಹಿಂದೊಂದು ನೆನಪಿಗೆ ಬಂತು. ನಿನ್ನೆ ಅಂಗಡಿಗೆ ಪ್ರಚಾರದ ಹುಡುಗರು ಆಟೋ ತಂದು ನಿಲ್ಲಿಸಿದರು. ಈಗ ಹಾಡುವವರು ಬೇಕಿಲ್ಲ, ಪೆನ್‌ಡ್ರೈವ್ ತರುತ್ತಾರೆ, ನಾವು ಸ್ಪೀಕರ್ ಕಟ್ಟಿಕೊಟ್ಟರೆ ಆಯಿತು. ಹಚ್ಚಿ ನೋಡಿದೆ. ಅಕ್ಕನ ದನಿ! ಕಾಲಿವಿ ತೋಡ್ಯಾರ ಸಾಹೇಬ್ರ... ಕೆಳಗೆ ಡಿಜೆ ಹೊಡೆತ ಕೂಡಿಸಿದ್ದರು. ಅಂದು ಗೆದ್ದವರು ಈಗ ಗದ್ದುಗೆಯಲ್ಲಿದ್ದಾರೆ, ಕಾಲುವೆಗೆ ನೀರು ಇನ್ನೂ ಬಂದಿಲ್ಲ, ಹಾಗಾಗಿ ಈ ಸಲ ಹಾಡು ಅವರ ಮೇಲೆ. ಹಚ್ಚಿಸುತ್ತಿರುವುದು ಅಂದು ಅವಳ ವೈರು ಕಿತ್ತ ಪಕ್ಷವೇ. ಯಾರ ದನಿ ಗೊತ್ತೇನಪ್ಪಾ ಎಂದರೆ ಒಬ್ಬ ಹಲ್ಲು ಕಿರಿದ. “ಯಾರೋ ಮುದುಕಿ ಕಾಕಾ. ಭಾಳ ವೈರಲ್ ಆಗಿತ್ತಂತ.” ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಮೈಕಿನವನಿಗೆ ಪಕ್ಷ ಇರಬಾರದು. ಕಟ್ಟಿಕೊಟ್ಟೆ.

ಅಂಗಡಿಯ ಮುಂದೆ ಕಾಯಿಪಲ್ಯೆಯ ಚೀಲ ಹಿಡಿದು ಹೊರಟಿದ್ದ ಒಬ್ಬ ವಯಸ್ಸಾದ ಹೆಂಗಸು ಹಾಡು ಕೇಳಿ ನಿಂತಳು. ಗುಬ್ಬಿಯ ಸಾಲಿಗೆ ತಲೆ ಆಡಿಸಿದಳು. ಹಾಡು ಮುಗಿಯಿತು, ಅಭ್ಯರ್ಥಿಯ ಹೆಸರು ಕೂಗಿತು, ಮತ್ತೆ ಮೊದಲಿನಿಂದ ಶುರುವಾಯಿತು. ಆಟೋ ಹೊರಟುಹೋಯಿತು. ಅವಳು ಚೀಲ ಕೆಳಗಿಟ್ಟು ನಿಂತೇ ಇದ್ದಳು.

“ಇದರ ಜವಾಬು ಎಲ್ಲೈತ್ರಿ?” ಎಂದಳು.

ಇಷ್ಟು ವರ್ಷಗಳಲ್ಲಿ ಈ ಮಾತನ್ನು ನನ್ನ ಹತ್ತಿರ ಕೇಳಿದವಳು ಅವಳೊಬ್ಬಳೇ. ಇಲ್ಲವ್ವಾ, ಹಾಡಿದಾಕಿ ತೀರಿಕೊಂಡಾಳ ಎಂದೆ. ಅವಳು ಲೊಚ್ ಎಂದಳು. ಆದರೂ ಹೋಗಲಿಲ್ಲ.

“ತೀರಿಕೊಂಡ್ರೇನಾತು? ಅಷ್ಟು ಛಲೋ ಸವಾಲು ಹಾಕಿದಾಕಿ ಜವಾಬು ಇಟ್ಟಿರಬೇಕಲ್ಲ. ಏನಿತ್ತು?”

ನಾನು ಮೊದಲ ನುಡಿ ಹೇಳಿದೆ. ನನ್ನ ಒಡಕು ದನಿಯಲ್ಲೇ ಹೇಳಿದೆ. ಆಹಾ ಎಂದಳು, ಮುಂದೆ ಎಂದಳು. ರಸ್ತೆಯ ಬದಿಯಲ್ಲಿ ಚೀಲದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಮುಖ ಮೇಲೆತ್ತಿ ಕಾಯುತ್ತಿದ್ದಳು. ನನಗೆ ಮುಂದಿನದು ಗೊತ್ತಿರಲಿಲ್ಲ.